ಸ್ಯಾಂಪಲ್‌ಗಿಂತ ಮೊದಲು ಹೆಸರು

ಮಂಗಳೂರಿನ ಯಾವುದೇ ಕಾಲೇಜಿನ ವಿಜ್ಞಾನದ ಎಂ.ಎಸ್ಸಿ. ತರಗತಿಗೆ ಹೋಗಿ ನೋಡಿ, ಹುಡುಗಿಯರಿಗೆ ಕೊರತೆಯಿಲ್ಲ. ಪ್ರಯೋಗಾಲಯದಲ್ಲಿ ಅವರೇ, ಕೆಸರಿಗೆ ಇಳಿಯುವವರೂ ಅವರೇ, ರಾತ್ರಿ ಕುಳಿತು ಎಕ್ಸೆಲ್ ತುಂಬುವವರೂ ಅವರೇ. ಸಂಶೋಧನಾ ಪೇಪರ್ ಅಚ್ಚಾಗುವ ಹೊತ್ತಿಗೆ ಮಾತ್ರ ಹೆಸರು ಕಾಣೆಯಾಗಿರುತ್ತದೆ. ನಾನು ಪ್ರಾಣಿಶಾಸ್ತ್ರ ಕಲಿಸುವವಳು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ ಮತ್ತು ಕೆಸರಿನ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂಡದಲ್ಲಿ ಈ ವಿಷಯವನ್ನು ಹೇಗೆ ಸರಿಪಡಿಸಿಕೊಂಡೆವು ಎಂಬುದನ್ನಷ್ಟೇ ಹೇಳುತ್ತೇನೆ.

ಹೊರಗಿನ ಸಂಸ್ಥೆಯೊಂದರ ಜೊತೆಗಿನ ಪ್ರಾಜೆಕ್ಟ್ ಇದಕ್ಕೆ ಕಾರಣ. ನನ್ನ ಇಬ್ಬರು ವಿದ್ಯಾರ್ಥಿನಿಯರು ಮಳೆಗಾಲದಲ್ಲೂ ಬಿಡದೆ ಸ್ಯಾಂಪಲ್ ತೆಗೆದು, ಜಾತಿ ಗುರುತಿಸಿ, ಕೋಷ್ಟಕ ಮಾಡಿ ಕೊಟ್ಟರು. ಪೇಪರ್ ಬಂದಾಗ ಅವರಿಬ್ಬರೂ ಕೊನೆಯ ‘ಕೃತಜ್ಞತೆ’ಯ ಸಾಲಿನಲ್ಲಿದ್ದರು. ಒಂದು ಸಭೆಗೆ ಬಂದು ಚಹಾ ಕುಡಿದು ಹೋದವರ ಹೆಸರು ಮೂರನೆಯ ಲೇಖಕರಾಗಿ ಮೇಲಿತ್ತು. ಕೇಳಿದ್ದಕ್ಕೆ, ‘ಮೇಡಂ, ಮೊದಲೇ ಹೇಳಬೇಕಿತ್ತು’ ಎಂಬ ಉತ್ತರ ಬಂತು.

ಸರಿ, ಮೊದಲೇ ಹೇಳೋಣ ಎಂದುಕೊಂಡೆ. ಈಗ ನಮ್ಮಲ್ಲಿ ಮೊದಲ ಸ್ಯಾಂಪಲ್ ಬಾಟಲಿಗೆ ಚೀಟಿ ಅಂಟಿಸುವ ಮುಂಚೆಯೇ ಒಂದು ಹಾಳೆ ಸಿದ್ಧವಾಗುತ್ತದೆ. ಕ್ರೆಡಿಟ್ ಎಂಬ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಸಂಶೋಧನೆಯ ಕೆಲಸವನ್ನು ಅದು 14 ಪಾತ್ರಗಳಾಗಿ ಬಿಡಿಸುತ್ತದೆ: ಯೋಚನೆ ಯಾರದು, ವಿಧಾನ ಯಾರದು, ದತ್ತಾಂಶದ ಪಾಲನೆ ಯಾರದು, ಮೊದಲ ಕರಡು ಯಾರದು, ಹಣ ತಂದವರು ಯಾರು ಎಂದು ಬೇರೆಬೇರೆಯಾಗಿ. ಅದನ್ನು ಕನ್ನಡಕ್ಕೆ ತಂದುಕೊಂಡು, ಎದುರಿಗೆ ಹೆಸರು ಬರೆದು, ಎಲ್ಲರೂ ಸಹಿ ಹಾಕುತ್ತೇವೆ. ಮೂರು ತಿಂಗಳಿಗೊಮ್ಮೆ ತೆಗೆದು ತಿದ್ದುತ್ತೇವೆ. ‘ಮದುವೆಗೆ ಮೊದಲೇ ಆಸ್ತಿ ಪಾಲು ಮಾಡಿದ ಹಾಗಾಯಿತು’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಆ ಹಾಳೆಯಲ್ಲಿ ತಮ್ಮ ಹೆಸರಿನ ಎದುರು ಬರೆಯಲು ಏನೂ ಸಿಗದೆ ಅವರೇ ತಂಡದಿಂದ ಹಿಂದೆ ಸರಿದರು. ಜಗಳವಿಲ್ಲದೆ ಮುಗಿಯಿತು.

ಇದು ನಮ್ಮೂರಿನ ರೋಗ ಮಾತ್ರವೂ ಅಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧನಾ ತಂಡಗಳನ್ನು ಪರಿಶೀಲಿಸಿ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂಡದಲ್ಲಿ ಕೆಲಸ ಮಾಡಿಯೂ ಲೇಖಕರಾಗಿ ಹೆಸರು ಪಡೆಯುವ ಸಾಧ್ಯತೆ ಗಂಡಸರಿಗಿಂತ ಹೆಂಗಸರಿಗೆ ಶೇ. 13ರಷ್ಟು ಕಡಿಮೆ. ಪೇಟೆಂಟ್ ವಿಷಯದಲ್ಲಿ ಶೇ. 58ರಷ್ಟು ಕಡಿಮೆ. ಈ ಅಂಕಿಗಳನ್ನು ವಿದ್ಯಾರ್ಥಿನಿಯರಿಗೆ ಓದಿ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನನಗೆ ಬೇಸರವಾದದ್ದು ಅದಕ್ಕೇ.

ಹಾಳೆಯಿಂದ ಪರಿಹಾರವಾಗದ ಇನ್ನೊಂದು ಸಂಗತಿಯಿದೆ. ನನ್ನ ಮತ್ತು ನನ್ನದೇ ವಯಸ್ಸಿನ ಪುರುಷ ಸಹೋದ್ಯೋಗಿಯ ಸಹಲೇಖಕರ ಪಟ್ಟಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಸಹಲೇಖಕರು ಕೊಣಾಜೆ, ಸುರತ್ಕಲ್, ಹೆಚ್ಚೆಂದರೆ ಮಣಿಪಾಲಕ್ಕೆ ಮುಗಿಯುತ್ತಿದ್ದರು. ಆ ಸಹೋದ್ಯೋಗಿಯ ಸಹಲೇಖಕರು ಗೋವಾ, ಕೊಚ್ಚಿ ದಾಟಿ ವಿದೇಶದವರೆಗೂ ಹರಡಿದ್ದರು. 2008ರಿಂದ 2012ರ ನಡುವಿನ ಸುಮಾರು 54 ಲಕ್ಷ ಪೇಪರ್‌ಗಳನ್ನು ಜಾಲಾಡಿ 2013ರಲ್ಲಿ ಬಂದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ಒಂದೇ ದೇಶದ ಗಂಡಸರಿಗೆ ಹೋಲಿಸಿದರೆ ಹೆಂಗಸರ ಸಹಯೋಗ ಹೆಚ್ಚಾಗಿ ದೇಶದೊಳಗೇ ಉಳಿಯುತ್ತದೆ. ಆ ನಂಟುಗಳು ಎಲ್ಲಿ ಸಿಕ್ಕವು ಎಂದು ಆ ಸಹೋದ್ಯೋಗಿಯನ್ನು ಕೇಳಿದೆ. ಸಮ್ಮೇಳನದ ರಾತ್ರಿಯೂಟ, ಹೋಟೆಲಿನ ಹರಟೆ, ದೋಣಿಯಲ್ಲಿ ಕಳೆದ ರಾತ್ರಿಗಳು ಎಂದರು. ಆ ಹೊತ್ತಿಗೆ ನಾನು ಮಗುವಿನ ಹೋಮ್‌ವರ್ಕ್ ನೋಡುತ್ತಿರುತ್ತೇನೆ, ಇಲ್ಲವೇ ಕೊನೆಯ ಬಸ್ಸಿಗೆ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನಿಂತಿರುತ್ತೇನೆ.

ಹೀಗಾಗಿ ಹರಟೆಯ ಬದಲು ಪತ್ರದ ದಾರಿ ಹಿಡಿದೆ. ಗೋವಾದ ವಿಜ್ಞಾನಿಯೊಬ್ಬರಿಗೆ ನೇರವಾಗಿ ಬರೆದೆ: ನಮ್ಮಲ್ಲಿ ಮಳೆಗಾಲದ ಮೊದಲಿನ ಮತ್ತು ನಂತರದ ಕೆಸರಿನ ಸ್ಯಾಂಪಲ್‌ಗಳಿವೆ, ನಿಮ್ಮಲ್ಲಿ ಭಾರಲೋಹ ಅಳೆಯುವ ಯಂತ್ರವಿದೆ. ಜೊತೆಗೆ ಒಂದೇ ಒಂದು ಕೋಷ್ಟಕ ಲಗತ್ತಿಸಿದೆ, ಸ್ವವಿವರ ಕಳಿಸಲಿಲ್ಲ. ಇಂಥ ಪತ್ರಗಳಲ್ಲಿ ಬಹುಪಾಲಿಗೆ ಉತ್ತರ ಬರುವುದಿಲ್ಲ. ಉತ್ತರ ಬಂದ ಕಡೆ ನಂಟು ಗಟ್ಟಿಯಾಗಿ ನಿಂತಿದೆ, ಏಕೆಂದರೆ ಮೊದಲ ದಿನದಿಂದ ಅಲ್ಲಿ ಮಾತು ಕೆಲಸದ್ದೇ.

ಕ್ಷೇತ್ರಕಾರ್ಯದ ಹೊತ್ತಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ‘ನಾಳೆ ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ’ ಎಂದು ಸಂಜೆ ಏಳಕ್ಕೆ ಹೇಳುವ ಪದ್ಧತಿ ನಮ್ಮಲ್ಲಿ ಹಳೆಯದು. ಬೈಕ್ ಇರುವ ಹುಡುಗರು ಬರುತ್ತಾರೆ. ಹುಡುಗಿಯರಿಗೆ ಮನೆಯಲ್ಲಿ ಅಥವಾ ಹಾಸ್ಟೆಲ್ ವಾರ್ಡನ್ ಬಳಿ ಅನುಮತಿ ಕೇಳಲೂ ಸಮಯವಿರುವುದಿಲ್ಲ. ಆಮೇಲೆ ‘ಅವರಿಗೆ ಆಸಕ್ತಿಯಿಲ್ಲ’ ಎಂಬ ತೀರ್ಪು. ಮರುವಾಯಿ ಹೆಕ್ಕುವುದು ನೀರು ಇಳಿದಾಗ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಡೀ ವರ್ಷದ ಉಬ್ಬರವಿಳಿತದ ಕೋಷ್ಟಕವನ್ನು ಸರ್ವೆ ಆಫ್ ಇಂಡಿಯಾ ಮೊದಲೇ ಪ್ರಕಟಿಸುತ್ತದೆ. ಕಡಲೇ ಒಂದು ವರ್ಷ ಮುಂಚಿತವಾಗಿ ಸಮಯ ಹೇಳುವಾಗ ಪ್ರಾಧ್ಯಾಪಕರಿಗೇನು ಅಷ್ಟು ಅವಸರ? ಈಗ ತಿಂಗಳ ಮೊದಲೇ ದಿನ, ಹೊತ್ತು, ವಾಹನ ಎಲ್ಲವನ್ನೂ ಗೋಡೆಗೆ ಅಂಟಿಸುತ್ತೇವೆ. ಬೆಳಗಿನ ಐದು ಗಂಟೆ ಬದಲಾಗಿಲ್ಲ, ಆದರೂ ಹುಡುಗಿಯರು ಬರುತ್ತಾರೆ. ಒಬ್ಬಳ ತಂದೆ ತಾವೇ ಸ್ಕೂಟರ್‌ನಲ್ಲಿ ತಂದು ಬಿಡುತ್ತಾರೆ.

ಇನ್ನೂ ಬಗೆಹರಿಯದ ಒಂದು ಕೆಲಸವಿದೆ. ಯಾವ ದಿಬ್ಬದಲ್ಲಿ ಈ ವರ್ಷ ಮರಿ ಹೆಚ್ಚು, ಎಲ್ಲಿ ಕೆಸರು ಕಪ್ಪಾಗಿದೆ ಎಂದು ನಮಗೆ ತೋರಿಸುವವರು ಅಲ್ಲಿ ಮರುವಾಯಿ ಹೆಕ್ಕುವ ಅಕ್ಕ. ಕಾಲಲ್ಲೇ ತಡವಿ ಹೇಳುತ್ತಾರೆ. ನಾವು ಜಾಗ ಆರಿಸುವುದೇ ಅವರ ಮಾತಿನ ಮೇಲೆ. ನಮ್ಮ ಹಾಳೆಯ ‘ವಿಧಾನ’ ಎಂಬ ಸಾಲಿನಲ್ಲಿ ಅವರ ಹೆಸರೂ ಇರಬೇಕೆಂದು ವಿದ್ಯಾರ್ಥಿನಿಯೊಬ್ಬಳು ಹೇಳಿದಳು, ಬರೆದೆವು. ಹೊಸ ಪ್ರಾಜೆಕ್ಟಿನ ಆಯವ್ಯಯದಲ್ಲಿ ಅವರ ದಿನಗೂಲಿಯನ್ನೂ ಸೇರಿಸಿದೆವು. ಅವರ ವಿದ್ಯಾರ್ಹತೆ ಏನು ಎಂದು ಕೇಳಿ ಲೆಕ್ಕಪತ್ರ ವಿಭಾಗದವರು ಕಡತ ವಾಪಸು ಕಳಿಸಿದ್ದಾರೆ. ಉತ್ತರದ ಕರಡನ್ನು ಆ ವಿದ್ಯಾರ್ಥಿನಿಯೇ ಬರೆಯುತ್ತಿದ್ದಾಳೆ.