ಜೀರೋ-ಟರ್ನ್ ಮೋವರ್‌ನ ಹೈಡ್ರಾಲಿಕ್ ಎಣ್ಣೆ ಬದಲಿಸುವ ಬಗೆ

ಅಮೆರಿಕದಲ್ಲಿ ಒಂದೆರಡು ಎಕರೆ ಅಂಗಳವಿರುವ ಮನೆ ಕೊಂಡು, ನಿಂತಲ್ಲೇ ತಿರುಗಬಲ್ಲ ಜೀರೋ-ಟರ್ನ್ ಮೋವರ್, ಅಂದರೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ಇಟ್ಟುಕೊಂಡವರು ಎಂಜಿನ್ ಎಣ್ಣೆಯನ್ನು ಸಾಮಾನ್ಯವಾಗಿ ಮರೆಯುವುದಿಲ್ಲ. ಹಿಂದಿನ ಚಕ್ರಗಳನ್ನು ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್‌ನ ಒಳಗೂ ಎಣ್ಣೆಯಿದೆ ಎಂಬುದು ಮಾತ್ರ ಯಂತ್ರ ದಿಬ್ಬ ಹತ್ತಲಾರದೆ ಗೊರಗುಟ್ಟಿದಾಗಲೇ ನೆನಪಾಗುತ್ತದೆ.

ಇಲ್ಲಿ ಬೆಲ್ಟು ಪಂಪನ್ನು ತಿರುಗಿಸುತ್ತದೆ, ಪಂಪು ಒತ್ತಿದ ಎಣ್ಣೆ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಚಕ್ರವನ್ನು. ಎಡ ಬಲ ಚಕ್ರಗಳಿಗೆ ಒಂದೊಂದು ಟ್ರಾನ್ಸ್‌ಮಿಷನ್ ಇರುತ್ತದೆ. ಬಲ ಸಾಗಿಸುವುದು, ಸವೆತ ತಡೆಯುವುದು, ಬಿಸಿಯನ್ನು ಹೊರಗೊಯ್ಯುವುದು, ಮೂರೂ ಒಂದೇ ಎಣ್ಣೆಯ ಕೆಲಸ. ಹಳತಾದ ಎಣ್ಣೆ ಕಾದು ತೆಳುವಾದಾಗ ಪಿಸ್ಟನ್ನುಗಳ ಸಂದಿನಲ್ಲಿ ಸೋರಿ ಒತ್ತಡ ಕಳೆದುಕೊಳ್ಳುತ್ತದೆ. ಆರಂಭದಲ್ಲಿ ಚುರುಕಾಗಿದ್ದ ಮೋವರ್ ಮುಕ್ಕಾಲು ಗಂಟೆಯ ನಂತರ ಸೊರಗುವುದಕ್ಕೆ ಇದೊಂದು ಮುಖ್ಯ ಕಾರಣ.

ಎಣ್ಣೆಯ ಆಯ್ಕೆಯನ್ನು ಯಂತ್ರದ ಕೈಪಿಡಿಗೇ ಬಿಡಬೇಕು. ಉದಾಹರಣೆಗೆ, ಹೈಡ್ರೋ-ಗಿಯರ್ ಕಂಪನಿಯ ಜೆಡ್‌ಟಿ-3100 ಮಾದರಿಗೆ ಬೇಕಾದದ್ದು 20ಡಬ್ಲ್ಯು-50 ಎಂಜಿನ್ ಎಣ್ಣೆ. ಮೊದಲ ಬದಲಾವಣೆ 75 ಗಂಟೆಗಳ ಬಳಕೆಯ ನಂತರ, ಮುಂದಿನವು 400 ಗಂಟೆಗಳಿಗೊಮ್ಮೆ. ಹೈಡ್ರಾಲಿಕ್ ಎಂಬ ಪದ ಕಂಡಕೂಡಲೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನು ಸುರಿಯುವುದು ತಪ್ಪು. ಟಫ್ ಟಾರ್ಕ್ ಕೆ46ರಂಥ ಸಣ್ಣ ಟ್ರಾನ್ಸ್‌ಮಿಷನ್‌ಗಳಿಗೆ ಎಣ್ಣೆ ಇಳಿಸುವ ಪ್ಲಗ್ಗೇ ಇರುವುದಿಲ್ಲವಾದ್ದರಿಂದ ಅವುಗಳನ್ನು ಚೌಕಟ್ಟಿನಿಂದ ಬಿಚ್ಚಿಯೇ ಕೆಲಸ ಮಾಡಬೇಕಾಗುತ್ತದೆ. ಮುಂದಿನ ವಿವರಣೆ ಅವಕ್ಕಲ್ಲ, ಜೆಡ್‌ಟಿ-3100ರಂಥ ಮಾದರಿಗಳಿಗೆ.

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಯಂತ್ರ ತಣಿದ ಮೇಲೆ ಹಿಂಭಾಗವನ್ನು ಎತ್ತಿ ಗಟ್ಟಿ ಜ್ಯಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡೆ ಕೊಡಿ. ಎಣ್ಣೆಗೆ ಕೈಹಾಕುವ ಮೊದಲು ಫಿಲ್ಟರಿನ ಸುತ್ತ, ಪ್ಲಗ್ಗುಗಳ ಸುತ್ತ, ತಂಪುಗೊಳಿಸುವ ಫ್ಯಾನಿನ ಕೆಳಗೆ ಮೆತ್ತಿಕೊಂಡಿರುವ ಒಣ ಹುಲ್ಲನ್ನು ಬ್ರಷ್ಷಿನಿಂದ ಪೂರ್ತಿ ಕೆರೆದು ತೆಗೆಯಿರಿ. ಬೇಸರದ ಕೆಲಸ, ನಿಜ. ಆದರೆ ದುಬಾರಿ ಎಣ್ಣೆಯ ಡಬ್ಬಕ್ಕಿಂತ ಈ ಹತ್ತು ನಿಮಿಷವೇ ಹೆಚ್ಚು ಬೆಲೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಒಳಗೆ ಬಿದ್ದ ಮರಳಿನ ಕಣ ಪಂಪಿನ ನುಣುಪು ಮೈಯನ್ನು ಗೀರಿದರೆ ಅದಕ್ಕೆ ಮದ್ದಿಲ್ಲ. ಫ್ಯಾನಿನ ಒಂದು ಎಲೆ ಮುರಿದಿದ್ದರೂ ಬದಲಿಸಿ.

ಈಗ ಫಿಲ್ಟರ್ ಬಿಚ್ಚಿ, ಆ ತೂತಿನಿಂದಲೇ ಹಳೆ ಎಣ್ಣೆಯನ್ನು ತಟ್ಟೆಗೆ ಇಳಿಸಿ. ಅದು ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಪ್ಪಾಗಿ ಕರಕಲು ವಾಸನೆ ಹೊಡೆದರೆ ಅತಿಯಾಗಿ ಕಾದಿದೆ. ಎರಡೂ ಬದಿಗೆ ಹೊಸ ಫಿಲ್ಟರ್ ಹಾಕಿ.

ಎಣ್ಣೆ ತುಂಬುವಾಗ ಟ್ರಾನ್ಸ್‌ಮಿಷನ್ನುಗಳ ಮೇಲ್ಭಾಗದ ಪ್ಲಗ್ಗುಗಳನ್ನು ಬಿಚ್ಚಿರಬೇಕು. ಮೊದಲ ಸಲ ನಾನು ಇದನ್ನು ಮರೆತು ಎಣ್ಣೆ ತುಂಬುವ ಮೇಲಿನ ಟ್ಯಾಂಕಿಗೆ ಸುರಿಯುತ್ತಲೇ ಹೋದೆ; ಒಳಗಿನ ಗಾಳಿಗೆ ದಾರಿಯಿಲ್ಲದೆ ಎಣ್ಣೆ ಗುಳುಗುಳು ಎಂದು ಉಕ್ಕಿ ಗ್ಯಾರೇಜಿನ ನೆಲವೆಲ್ಲ ಜಾರುಬಂಡೆಯಾಯಿತು. ತೂತಿನ ಬಾಯಲ್ಲಿ ಎಣ್ಣೆ ಕಂಡಾಗ ಆ ಬದಿಯ ಪ್ಲಗ್ ಮುಚ್ಚಿ, ಬಳಿಕ ಟ್ಯಾಂಕನ್ನು ತಣ್ಣಗಿರುವಾಗಿನ ಗುರುತಿನವರೆಗೆ ತುಂಬಿಸಿ.

ಇನ್ನು ಗಾಳಿ ತೆಗೆಯುವ ಕೆಲಸ. ಇದನ್ನು ಬಿಟ್ಟು ನೇರವಾಗಿ ಹುಲ್ಲಿಗಿಳಿದವರೇ ಆಮೇಲೆ ಹೊಸ ಎಣ್ಣೆಯನ್ನು ಬೈಯುವುದು. ಬ್ಲೇಡುಗಳನ್ನು ಚಾಲೂ ಮಾಡದೆ, ಮೋಟಾರನ್ನು ತಿರುಗಿಸದೆ ಎಣ್ಣೆ ಹಾದುಹೋಗಲು ಬಿಡುವ ಬೈಪಾಸ್ ಕವಾಟ ತೆರೆದು ಎಂಜಿನ್ ಓಡಿಸಿ, ಎರಡೂ ಹಿಡಿಕೆಗಳನ್ನು ಮುಂದಕ್ಕೂ ಹಿಂದಕ್ಕೂ ಐದಾರು ಬಾರಿ ನಿಧಾನವಾಗಿ ಆಡಿಸಿ. ಬೈಪಾಸ್ ಮುಚ್ಚಿ ಮತ್ತೆ ಅಷ್ಟೇ ಬಾರಿ ಆಡಿಸಿ. ಗಾಳಿ ಹೊರಬಿದ್ದಂತೆ ಮಟ್ಟ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಎಣ್ಣೆ ಸೇರಿಸಿ. ಗೊರಗುಟ್ಟುವಿಕೆ ನಿಂತು ಚಕ್ರಗಳು ಎರಡೂ ದಿಕ್ಕಿಗೆ ಒಂದೇ ಹದದಲ್ಲಿ ತಿರುಗುವವರೆಗೆ ಇದನ್ನೇ ಪುನರಾವರ್ತಿಸಬೇಕು. ಈ ಹೊತ್ತಿನಲ್ಲಿ ತಿರುಗುವ ಚಕ್ರಗಳ ಬಳಿ ಯಾರೂ ನಿಲ್ಲಬಾರದು.

ಹಳೆ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಗೆ ಸುರಿದಿಡಿ. ಅಮೆರಿಕದ ಅನೇಕ ವಾಹನ ಬಿಡಿಭಾಗಗಳ ಅಂಗಡಿಗಳು ಅದನ್ನು ಹಣ ಕೇಳದೆ ತೆಗೆದುಕೊಳ್ಳುತ್ತವೆ. ಮೊದಲ ಸಲ ಹುಲ್ಲು ಕತ್ತರಿಸಿದ ನಂತರ ಯಂತ್ರ ತಣಿದಾಗ ಟ್ಯಾಂಕಿನ ಮಟ್ಟವನ್ನು ಇನ್ನೊಮ್ಮೆ ನೋಡಿ.