ಮಂಡ್ಯದಿಂದ ಈಸ್ಟರ್ ಐಲ್ಯಾಂಡ್‌ಗೆ ಹೊರಡೋರು ಮೊದ್ಲು ಏನೇನ್ ನೋಡ್ಕೋಬೇಕು

ಈಸ್ಟರ್ ಐಲ್ಯಾಂಡ್‌ಗೆ ಹೋಗ್ಬಂದಾಗಿಂದ ಮಂಡ್ಯ ಮೈಸೂರು ಕಡೆ ಸ್ನೇಹಿತ್ರೆಲ್ಲಾ ಹೆಂಗ್ ಹೋದ್ರಿ, ಎಷ್ಟ್ ದಿನ ಬೇಕು, ವೀಸಾ ಹೆಂಗೆ ಅಂತ ಕೇಳ್ತಾನೇ ಇದಾರೆ, ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಹಾಕೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಎರಡು ದಿನಕ್ಕೆ ಹೋಗಿ ಕಲ್ಲಿನ ಮೂರ್ತಿ ಮುಂದೆ ಫೋಟೋ ಹೊಡ್ಕೊಂಡು ಬರೋ ಯೋಚನೆ ಇದ್ರೆ ಬೇಡ. ಅಷ್ಟು ದೂರ ಹೋದ್ಮೇಲೆ ಕಮ್ಮಿ ಅಂದ್ರೂ ಐದು ದಿನ ಇರ್ಬೇಕು, ಹೋಗೋಕ್ ಮುಂಚೆ ಒಂದು ತಿಂಗ್ಳು ಆ ಜಾಗದ ಬಗ್ಗೆ ಓದ್ಬೇಕು.

ಅಲ್ಲಿನವ್ರು ತಮ್ ದ್ವೀಪಕ್ಕೆ ಕರೆಯೋ ಹೆಸ್ರು ರಾಪಾ ನೂಯಿ. ಡಚ್ ನಾವಿಕ ಯಾಕೋಬ್ ರೊಗ್ಗೆವೀನ್ 1722ರ ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಅಲ್ಲಿಗೆ ಬಂದಿದ್ದಕ್ಕೆ ಈಸ್ಟರ್ ಅನ್ನೋ ಹೆಸ್ರು ಬಿತ್ತು. 1888ರಿಂದ ಚಿಲಿ ದೇಶಕ್ಕೆ ಸೇರಿದೆ, ಆದ್ರೆ ಚಿಲಿ ದಡದಿಂದ 3,500 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಇಡೀ ದ್ವೀಪ ಸುಮಾರು 163 ಚದರ ಕಿಲೋಮೀಟರ್, ಇರೋ ಊರು ಒಂದೇ, ಹಂಗಾ ರೋವಾ.

ಹೋಗೋ ದಾರಿ ಹೇಳ್ತೀನಿ. ಬೆಂಗ್ಳೂರಿಂದ ಹೆಂಗಾದ್ರೂ ಮಾಡಿ ಚಿಲಿ ರಾಜಧಾನಿ ಸ್ಯಾಂಟಿಯಾಗೊ ತಲುಪ್ಬೇಕು, ಅಲ್ಲಿಂದ ಲಾಟಮ್ ಫ್ಲೈಟ್‌ನಲ್ಲಿ ಐದು ಗಂಟೆ ಮೇಲೆ. ಮನೆ ಬಿಟ್ಟಾಗಿಂದ ಲೆಕ್ಕ ಹಾಕಿದ್ರೆ ಎರಡು ದಿನ ಅಂತ್ಲೇ ಇಟ್ಕೊಳ್ಳಿ. ಸ್ಯಾಂಟಿಯಾಗೊದಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಮೊದಲ್ನೇ ಫ್ಲೈಟ್ ಲೇಟಾಗಿ ದ್ವೀಪದ ಫ್ಲೈಟ್ ತಪ್ಪಿದ್ರೆ ಇನ್ನೊಂದ್ ಸೀಟ್ ಸಿಗೋದು ಕಷ್ಟ. ಅಮೆರಿಕ ಮೇಲೆ ಹೋದ್ರೆ ಬರೀ ಪ್ಲೇನ್ ಬದ್ಲಾಯ್ಸೋಕೂ ಅವ್ರ ವೀಸಾ ಬೇಕು, ಯುರೋಪಲ್ಲೂ ಕೆಲವು ಕಡೆ ಟ್ರಾನ್ಸಿಟ್ ವೀಸಾ ಕೇಳ್ತಾರೆ. ಬ್ರೆಜಿಲ್‌ನಲ್ಲಿ ಒಂದೆರಡು ದಿನ ಇದ್ದು ಬರೋಣ ಅಂತಿದ್ರೆ ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಂಡು ಆ ಕಾರ್ಡ್ ಜೊತೇಲೇ ಇಟ್ಕೊಳ್ಳಿ, ಪ್ರಯಾಣಕ್ಕೆ ಹತ್ತು ದಿನ ಮುಂಚೆ ಆದ್ರೂ ಹಾಕಿಸ್ಬೇಕು, ಇಲ್ದಿದ್ರೆ ವಾಪಸ್ ಬಂದಾಗ ನಮ್ಮ ಏರ್‌ಪೋರ್ಟ್‌ನಲ್ಲೇ ತಡೀಬಹುದು. ಚಿಲಿ ವೀಸಾ ರೂಲ್ಸ್ ಬದ್ಲಾಗ್ತಿರತ್ತೆ, ದೆಹಲಿಯ ಚಿಲಿ ಎಂಬೆಸಿ ಹೇಳೋದನ್ನೇ ನಂಬಿ, ಟಿಕೆಟ್ ಆಮೇಲೆ ತಗೊಳ್ಳಿ.

ಇನ್ನು ಜನ ಎಡವೋದು ಇಲ್ಲಿ. ಚಿಲಿ ವೀಸಾ ಇದ್ರೆ ಸಾಲ್ದು, ದ್ವೀಪಕ್ಕೆ ಬೇರೆ ಕಾನೂನಿದೆ, 2018ರಲ್ಲಿ ಜಾರಿಗೆ ಬಂತು. ಟೂರಿಸ್ಟ್ 30 ದಿನಕ್ಕಿಂತ ಜಾಸ್ತಿ ಇರಂಗಿಲ್ಲ, ರಿಟರ್ನ್ ಟಿಕೆಟ್ ತೋರಿಸ್ಬೇಕು, ಆನ್‌ಲೈನಲ್ಲಿ ಒಂದು ಎಂಟ್ರಿ ಫಾರಂ ತುಂಬ್ಬೇಕು, ಉಳ್ಕೊಳ್ಳೋ ಜಾಗ ಚಿಲಿ ಟೂರಿಸಂ ಇಲಾಖೆ ಸೆರ್ನಾಟೂರ್‌ನಲ್ಲಿ ರಿಜಿಸ್ಟರ್ ಆಗಿರ್ಬೇಕು, ಇಲ್ಲಾ ಅಲ್ಲಿನವ್ರು ಯಾರಾದ್ರೂ ಕರೆಸ್ಕೊಂಡಿರ್ಬೇಕು. ನಮ್ಗೆ ಬುಕ್ ಮಾಡ್ಕೊಟ್ಟ ಏಜೆಂಟು ಎಲ್ಲಾ ಸರಿ ಇದೆ ಸಾರ್ ಅಂದ್ರು, ಹೊರಡೋಕೆ ಹದಿನೈದು ದಿನ ಇರೋವಾಗ ನನ್ ಹೆಂಡ್ತಿ ಯಾಕೋ ಅನುಮಾನ ಬಂದು ಲಿಸ್ಟ್ ನೋಡಿದ್ರೆ ನಮ್ ರೂಮಿನ ಹೆಸ್ರೇ ಇಲ್ಲ. ಅಡ್ವಾನ್ಸ್ ಹೋಯ್ತು, ಬೇರೆ ಮನೆ ಹುಡುಕಿದ್ವಿ. ಹಂಗಾಗಿ ದುಡ್ಡು ಕಟ್ಟೋಕ್ ಮುಂಚೆ ನೀವೇ ಲಿಸ್ಟ್ ನೋಡಿ. ಮನೆಯವ್ರೇ ನಡ್ಸೋ ಸಣ್ಣ ಹೋಂಸ್ಟೇಗಳೇ ಚೆನ್ನಾಗಿರೋದು, ದುಡ್ಡು ಅಲ್ಲಿನವ್ರ ಕೈಗೇ ಹೋಗತ್ತೆ.

ಯಾವಾಗ ಹೋಗೋದು ಅಂದ್ರೆ ನಾನ್ ಹೇಳೋದು ದಸರಾ ಮುಗಿಸ್ಕೊಂಡು ಹೊರಡಿ. ಅಕ್ಟೋಬರ್ ನವೆಂಬರ್ ಅಲ್ಲಿ ವಸಂತ, ಬಿಸ್ಲೂ ಜಾಸ್ತಿ ಇಲ್ಲ, ಜನಾನೂ ಕಮ್ಮಿ. ಫೆಬ್ರವರಿಲಿ ತಪಾತಿ ಅಂತ ದೊಡ್ಡ ಹಬ್ಬ ಆಗತ್ತೆ, ನೋಡೋಕೆ ಚೆಂದ, ಆದ್ರೆ ರೂಮು ಟಿಕೆಟು ಎಲ್ಲಾ ತಿಂಗಳುಗಟ್ಟಲೆ ಮುಂಚೆ ಹಿಡೀಬೇಕು. ಗಾಳಿ ಯಾವಾಗ್ಲೂ ಜೋರು, ಒಂದು ಜರ್ಕಿನ್ ಇರ್ಲಿ. ಮನೆಗ್ ಫೋನ್ ಮಾಡೋರಿಗೆ ಒಂದ್ ಲೆಕ್ಕ, ಅಕ್ಟೋಬರ್‌ನಲ್ಲಿ ಮಂಡ್ಯದಲ್ಲಿ ಬೆಳಿಗ್ಗೆ ಆರಾದ್ರೆ ಅಲ್ಲಿ ಹಿಂದಿನ ದಿನ ಸಂಜೆ ಏಳೂವರೆ.

ಊಟದ್ದು: ಹೊರಗಿಂದ ಬರೋ ಸಾಮಾನೇ ಜಾಸ್ತಿ, ಎಲ್ಲಾ ದುಬಾರಿ. ಮೀನು ತಿನ್ನೋರಿಗೆ ತೊಂದ್ರೆ ಇಲ್ಲ, ಸಸ್ಯಾಹಾರಿಗಳು ಅಡುಗೆ ಮನೆ ಇರೋ ರೂಮ್ ತಗೊಳ್ಳಿ, ಗೆಣಸು, ಬಾಳೆಹಣ್ಣು ಸಿಗತ್ತೆ. ಚಿಲಿ ಏರ್‌ಪೋರ್ಟ್‌ನಲ್ಲಿ ತಿನ್ನೋ ಸಾಮಾನು ಏನಿದ್ರೂ ಫಾರಂನಲ್ಲಿ ಬರೀಬೇಕು, ಮುಚ್ಚಿಟ್ರೆ ದಂಡ. ಹಣ್ಣು, ಕಾಳು, ಬೀಜ, ಹಾಲು ತುಪ್ಪದ್ದು ಬೇಡ್ವೇ ಬೇಡ. ಪ್ಯಾಕೆಟ್‌ನಲ್ಲಿರೋ ಚಟ್ನಿಪುಡಿ ನಾವು ಬರ್ದು ತೋರಿಸಿದ್ವಿ, ಬಿಟ್ರು.

ಈಗ ಜಾಗಗಳು. ದ್ವೀಪದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಜಾಗ ನ್ಯಾಷನಲ್ ಪಾರ್ಕು, 1995ರಿಂದ ಯುನೆಸ್ಕೊ ಪಟ್ಟಿಲಿದೆ, ಈಗ ಅದನ್ನ ನೋಡ್ಕೊಳ್ಳೋದು ಅಲ್ಲಿನ ಜನ್ರದ್ದೇ ಮಾವು ಹೆನುವಾ ಅನ್ನೋ ಸಂಸ್ಥೆ. ಟಿಕೆಟ್ 10 ದಿನ ನಡ್ಯತ್ತೆ, ಆದ್ರೆ ರಾನೊ ರರಾಕು ಮತ್ತೆ ಒರೊಂಗೊ (ಹಳೇ ಕಲ್ಲುಮನೆಗಳ ಊರು) ಎರಡಕ್ಕೂ ಒಂದೊಂದೇ ಸಲ ಎಂಟ್ರಿ. ಮುಖ್ಯವಾದ ಜಾಗಗಳಿಗೆಲ್ಲಾ ಲೋಕಲ್ ಗೈಡ್ ಇಲ್ದೆ ಬಿಡಲ್ಲ. ಅದನ್ನ ಖರ್ಚು ಅಂತ ಬೇಜಾರ್ ಮಾಡ್ಕೋಬೇಡಿ, ಗೈಡ್ ಇಲ್ದೆ ನೋಡಿದ್ರೆ ಬರೀ ಕಲ್ಲು ಕಾಣತ್ತೆ.

ರಾನೊ ರರಾಕು ಅಂದ್ರೆ ಮೂರ್ತಿ ಕೆತ್ತಿದ ಬೆಟ್ಟ. ಮೊವಾಯ್ ಅಂತಾರೆ ಅವಕ್ಕೆ, ದ್ವೀಪದಲ್ಲಿ ಒಟ್ಟು 900ಕ್ಕೂ ಮೇಲಿದೆ, ಅದ್ರಲ್ಲಿ ಹತ್ರ ಹತ್ರ 400 ಇಲ್ಲೇ, ಅರ್ಧ ಕೆತ್ತಿದ್ದು, ಕತ್ತಿನವರೆಗೂ ಮಣ್ಣಲ್ಲಿ ಹೂತಿದ್ದು, ಬಂಡೆಯಿಂದ ಇನ್ನೂ ಬಿಡ್ಸದೇ ಮಲಗಿರೋದು, ಹಂಗ್ ಮಲಗಿರೋದ್ರಲ್ಲಿ ಒಂದು ಸುಮಾರು 21 ಮೀಟರ್ ಉದ್ದ. ಚಾಮುಂಡಿ ಬೆಟ್ಟದ ನಂದಿ ನೋಡ್ಕೊಂಡು ಬೆಳ್ದೋನು ನಾನು, ಒಂದೇ ಕಲ್ಲಲ್ಲಿ ಕೆತ್ತೋದು ಹೊಸದಲ್ಲ, ಆದ್ರೂ ಅಲ್ಲಿ ನಿಂತಾಗ ಮಾತೇ ಬರ್ಲಿಲ್ಲ, ಆಚಾರಿಗಳು ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿರೋ ಹಾಗಿತ್ತು. ವಿಡಿಯೋ ಕಾಲಲ್ಲಿ ಅಪ್ಪ ಕೇಳಿದ್ದು ಒಂದೇ, "ಇಷ್ಟ್ ದೊಡ್ ಕಲ್ಲ ಎಂಗ್ಲಾ ಸಾಗ್ಸುದ್ರು ಮಗ?" ಅಲ್ಲಿನ ಹಿರಿಯರ ಮಾತು, ಮೊವಾಯ್‌ಗಳು ತಾವೇ ನಡ್ಕೊಂಡು ಹೋದ್ವು ಅಂತ. ಟೆರಿ ಹಂಟ್, ಕಾರ್ಲ್ ಲಿಪೊ ಅನ್ನೋ ಸಂಶೋಧಕರು ನಾಲ್ಕು ಟನ್ನಿಗೂ ಮೇಲಿನ ಒಂದು ಮೂರ್ತಿ ಮಾಡ್ಸಿ, 18 ಜನ ಹಗ್ಗ ಹಿಡ್ಕೊಂಡು ಆ ಕಡೆ ಈ ಕಡೆ ವಾಲಾಡಿಸ್ತಾ ನಿಂತಂಗೇ ನಡೆಸಿ ತೋರಿಸಿದಾರೆ.

ಬೆಳಗಿನ ಜಾವ ಆಹು ತೊಂಗರಿಕಿಗೆ ಹೋಗಿ. 15 ಮೂರ್ತಿ ಸಾಲಾಗಿ ನಿಂತಿವೆ, ಹಿಂದಿಂದ ಸೂರ್ಯ ಹುಟ್ಟತ್ತೆ. 1960ರ ಸುನಾಮಿಲಿ ಅಷ್ಟೂ ಕೊಚ್ಕೊಂಡು ಹೋಗಿ ಚೆಲ್ಲಾಪಿಲ್ಲಿ ಆಗಿದ್ವು, 90ರ ದಶಕದಲ್ಲಿ ಜಪಾನಿನವ್ರು ಕೊಟ್ಟ ಕ್ರೇನ್‌ನಲ್ಲಿ ಎತ್ತಿ ನಿಲ್ಸಿದ್ರು. ಸಂಜೆ ಟಹಾಯಿ ಅನ್ನೋ ಕಡೆ ಇರೋ ಮೂರ್ತಿಗಳು, ಊರಿಂದ ನಡ್ಕೊಂಡೇ ಹೋಗ್ಬಹುದು. ಒರೊಂಗೊಗೆ ಅರ್ಧ ದಿನ ಇಡಿ. ಅನಕೇನಾ ಬೀಚ್ ಕೊನೇ ದಿನಕ್ಕೆ. ಬಸ್ಸು ಇಲ್ಲ, ಕಾರ್ ಬಾಡಿಗೆಗೆ ಸಿಗತ್ತೆ, ಆದ್ರೆ ದ್ವೀಪದಲ್ಲಿ ಕಾರಿಗೆ ಇನ್ಶೂರೆನ್ಸ್ ಇಲ್ಲ, ರಸ್ತೆ ಮೇಲೆ ಕುದುರೆ ಅಡ್ಡ ಬರ್ತಾವೆ, ರಾತ್ರಿ ಓಡಿಸ್ಬೇಡಿ.

ಮೂರ್ತಿ ನಿಂತಿರೋ ಕಲ್ಲಿನ ಕಟ್ಟೆಗೆ ಆಹು ಅಂತಾರೆ. ಅದನ್ನ ಹತ್ತಂಗಿಲ್ಲ, ಮೂರ್ತಿ ಮುಟ್ಟಂಗಿಲ್ಲ. ಆ ಕಟ್ಟೆ ಅವ್ರ ಹಿರೀಕ್ರ ಸಮಾಧಿ, ಮೂರ್ತಿ ಅಂದ್ರೆ ಆ ಹಿರೀಕ್ರೇ. ನಾವು ಪಿತೃಪಕ್ಷದಲ್ಲಿ ಎಡೆ ಇಡ್ತೀವಲ್ಲ, ಆ ಎಡೆ ಪಕ್ಕ ಯಾರೋ ಚಪ್ಪಲಿ ಹಾಕ್ಕೊಂಡು ಸೆಲ್ಫಿಗೆ ನಿಂತ್ರೆ ಹೆಂಗಿರತ್ತೆ ಅಂತ ಯೋಚ್ನೆ ಮಾಡಿ.

ಇನ್ನೊಂದು, ಮರ ಎಲ್ಲಾ ಕಡ್ದು ನೀವೇ ಹಾಳಾದ್ರಂತೆ ಅಂತ ಗೈಡ್ ಹತ್ರ ಕೇಳ್ಬೇಡಿ. 1862ರಲ್ಲಿ ಪೆರುವಿನಿಂದ ಹಡಗು ಬಂದು ಸಾವಿರಕ್ಕೂ ಮೇಲೆ ಜನಾನ ಗುಲಾಮರಾಗಿ ಹೊತ್ಕೊಂಡು ಹೋದ್ರು, ವಾಪಸ್ ಬಂದ ಕೆಲವ್ರ ಜೊತೆ ಸಿಡುಬು ಬಂತು, 1877ಕ್ಕೆ ಉಳ್ದೋರು 111 ಜನ. ಅದಕ್ಕೂ ಮುಂಚೆ 1600ರ ಸುಮಾರಿಗೆ ಜನ ಕುಸ್ದು ಬಿದ್ರು ಅನ್ನೋ ಕಥೆಗೆ ಡಿಎನ್‌ಎಯಲ್ಲಿ ಆಧಾರ ಇಲ್ಲ ಅಂತ 2024ರಲ್ಲಿ ಬಂದ ಸಂಶೋಧನೆ ಹೇಳತ್ತೆ. ಅಲ್ಲಿ ಈಗ ಇರೋ ರಾಪಾ ನೂಯಿ ಜನ ಆ ಉಳ್ದೋರ ವಂಶದವ್ರು.

ನಮ್ ಕಡೆ ರೈತ್ರು ಯಾರಾದ್ರೂ ಹೋದ್ರೆ ಹೊಲ ನೋಡದೇ ಬರ್ಬೇಡಿ. ನದಿ ಇಲ್ಲದ ಜಾಗ, ಗಾಳಿಗೆ ಮಣ್ಣು ಒಣಗ್ಬಾರ್ದು ಅಂತ ಹೊಲದ ತುಂಬ ಕಲ್ಲು ಹರಡಿದಾರೆ, ನಾವು ಕಬ್ಬಿನ ತರಗು ಮುಚ್ಚಿದ ಹಾಗೆ. ಬಾಳೆಗೆ, ಗೆಡ್ಡೆಗೆ ಸುತ್ತ ಕಲ್ಲು ಗೋಡೆ, ಅದಕ್ಕೆ ಮನವಾಯ್ ಅಂತಾರೆ. ಕಬ್ಬನ್ನೂ ಬೆಳೀತಿದ್ರು, ಸಿಹಿನೀರು ಕಮ್ಮಿ ಇದ್ದಿದ್ರಿಂದ ದಾಹಕ್ಕೆ ಕಬ್ಬಿನ ಹಾಲೇ ಕುಡೀತಿದ್ರು. ಅಪ್ಪ ಅಲ್ಲಿಂದ ಒಂದ್ ಜಲ್ಲೆ ತತ್ತಾ ಅಂದಿದ್ರು. ಗಿಡ, ಬೀಜ, ಒಂದು ಕಲ್ಲು ಚೂರೂ ಅಲ್ಲಿಂದ ತರಂಗಿಲ್ಲ, ಕೆತ್ತನೆ ಮಾಡೋರ ಹತ್ರ ಮರದ ಬೊಂಬೆ ತಗೊಳ್ಳಿ. ಅಪ್ಪಂಗೆ ಆ ಕಲ್ಲು ಹೊಲದ ಫೋಟೋ ನಲವತ್ತು ತಂದ್ಕೊಟ್ಟೆ, ಅವ್ರು ದೊಡ್ಡದು ಮಾಡ್ಕೊಂಡು ಒಂದೊಂದೇ ನೋಡಿ, ಕೆಳಗಿನ ತೆವರಿ ಹತ್ರ ಎರಡು ಬಾಳೆ ಬುಡಕ್ಕೆ ಕಲ್ಲು ಜೋಡ್ಸಿದಾರೆ.