ಮೊಲದ ಹೊಟ್ಟೆ ಮತ್ತೆ ನಡೆಯಿತು: ನನ್ನ ಅನುಭವ

ವಿಜಯಪುರದ ಬೇಸಿಗೆ ಗೊತ್ತಲ್ವಾ? ಮೇ ತಿಂಗಳ ಒಂದು ಬೆಳಗ್ಗೆ ನಮ್ಮ ಮೊಲ ಚಿನ್ನಿ ಮೂಲೆಯಲ್ಲಿ ಮುದುಡಿ ಕೂತಿತ್ತು. ರಾತ್ರಿ ಹಾಕಿದ ಸೊಪ್ಪು ಹಾಗೇ ಇತ್ತು. ಗೂಡಿನಲ್ಲಿ ಒಂದು ಹಿಕ್ಕೆಯೂ ಇಲ್ಲ. ಮೊಲ ಅರ್ಧ ದಿನ ತಿನ್ನದಿದ್ದರೂ ಕರುಳು ನಿಂತುಹೋಗಬಹುದು. ಕಾಯದೆ ಪಶುವೈದ್ಯರ ಬಳಿ ಓಡಿದೆ.

ಅವರು ಹಲ್ಲು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಎಲ್ಲೂ ಏನೂ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲೆ ನೋವಿನ ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ಸಲೈನ್ ಹಾಕಿದರು. "ಏನು ತಿನ್ನಿಸ್ತೀರಿ?" ಎಂದು ಕೇಳಿದರು. ಅವ್ವ ಪ್ರೀತಿಯಿಂದ ಹಾಕುತ್ತಿದ್ದ ಜೋಳದ ರೊಟ್ಟಿ ಚೂರು, ಬಾಳೆಹಣ್ಣು. ತಪ್ಪಾಗಿದ್ದು ಅಲ್ಲೇ. ಹಿಟ್ಟು, ಸಿಹಿ ಜಾಸ್ತಿ, ನಾರು ಕಡಿಮೆ.

ಮೊಲದ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಅನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ನುಣ್ಣಗೆ ಅರೆದು, ಸೂಜಿ ಇಲ್ಲದ ಸಿರಿಂಜಿಗೆ ತುಂಬಿದೆ. ಚಿನ್ನಿಯನ್ನು ಟವೆಲಿನಲ್ಲಿ ಸುತ್ತಿ, ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಒಂದು ಸಲಕ್ಕೆ ಅರ್ಧ ಎಂ.ಎಲ್. ಅಷ್ಟೇ. ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಲೇಬಾರದು. ಮೂರು ಗಂಟೆಗೊಮ್ಮೆ ಹೀಗೆ, ರಾತ್ರಿಯೂ. ಸೆಖೆ ತಡೆಯಲು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆ.

ಎರಡನೇ ರಾತ್ರಿ ಐದು ಸಣ್ಣ ಹಿಕ್ಕೆ ಬಿದ್ದವು. ನನಗೆ ಅಳುವೇ ಬಂತು! ಮೂರನೇ ದಿನ ಕರಿಕೆ ಹುಲ್ಲನ್ನು ತಾನೇ ಎಳೆದುಕೊಂಡು ತಿಂದಿತು.

ಈಗ ಒಣಹುಲ್ಲು ದಿನವಿಡೀ ಮುಂದೆಯೇ ಇರುತ್ತದೆ. ಅವ್ವ ರೊಟ್ಟಿ ಬಿಟ್ಟು ಕೊತ್ತಂಬರಿ ಕಡ್ಡಿ ಹಿಡಿದು ಕೂರುತ್ತಾಳೆ. ನಾನು ದಿನಾ ಬೆಳಗ್ಗೆ ಮೊದಲು ಹಿಕ್ಕೆ ನೋಡುತ್ತೇನೆ.